ಕೆಟಮೈನ್ ಡ್ರಿಪ್, ಮೂಗಿನ ಸ್ಪ್ರೇ, ನಾಲಿಗೆಯಡಿಯ ಮಾತ್ರೆ: ಮೂರನ್ನೂ ತೆಗೆದುಕೊಂಡ ಮೇಲೆ ನಾನು ಮತ್ತೆ ಡ್ರಿಪ್‌ಗೇ ಬಂದೆ

ಮೊದಲೇ ಹೇಳಿಬಿಡುತ್ತೇನೆ, ಕೈ ನೋವಿಗೆ ಕೆಟಮೈನ್ ತೆಗೆದುಕೊಳ್ಳುವ ಈ ಮೂರು ದಾರಿಗಳಲ್ಲಿ ನನ್ನ ಓಟು ಡ್ರಿಪ್‌ಗೆ. ಮೂಗಿನ ಸ್ಪ್ರೇ ಬೇಕಾದರೆ ಪಕ್ಕದಲ್ಲಿ ಇರಲಿ. ನಾಲಿಗೆಯಡಿ ಇಟ್ಟುಕೊಳ್ಳುವ ಮಾತ್ರೆಯನ್ನು ಮಾತ್ರ ನಾನು ಇನ್ನೊಮ್ಮೆ ಮುಟ್ಟುವುದಿಲ್ಲ. ಖರ್ಚು ಕಡಿಮೆ, ಮನೆಯಲ್ಲೇ ಆಗುತ್ತದೆ ಅನ್ನುವ ಎರಡು ಕಾರಣಕ್ಕೆ ಡ್ರಿಪ್ ಬಿಟ್ಟು ಮಾತ್ರೆಗೆ ಹೋದೆ. ಐದು ತಿಂಗಳು ಹೋಯಿತು. ಕೈ ನೋವು ಎಲ್ಲಿತ್ತೋ ಅಲ್ಲೇ ಇತ್ತು, ಜೊತೆಗೆ ಇನ್ನೊಂದು ತೊಂದರೆ ಅಂಟಿಕೊಂಡಿತು. ಈಗ ಅದೇ ಲೆಕ್ಕಾಚಾರ ಹಾಕುತ್ತಾ ಕೂತಿರುವವರು ಇದ್ದರೆ, ಅವರಿಗೆ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಕಾಯಿಲೆ ಸಿಆರ್‌ಪಿಎಸ್ (ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್), ಅಂದರೆ ಪೆಟ್ಟು ವಾಸಿಯಾದ ಮೇಲೂ ಕೈಯಲ್ಲೋ ಕಾಲಲ್ಲೋ ಉಳಿದುಬಿಡುವ ಉರಿ ನೋವು. ಬಲ ಮಣಿಕಟ್ಟಿನ ಮೂಳೆ ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದರು, ಎಕ್ಸ್‌ರೇಯಲ್ಲಿ ಮೂಳೆ ಚೆನ್ನಾಗಿ ಕೂಡಿತ್ತು, ಆದರೆ ನೋವು ಹೋಗಲಿಲ್ಲ, ಬದಲಿಗೆ ಬೆರಳಿನಿಂದ ಮೊಣಕೈಯವರೆಗೆ ಹಬ್ಬಿತು. ಕೈ ಊದಿತು, ಒಮ್ಮೆ ಕೆಂಪಗೆ ಬಿಸಿಯಾಗುತ್ತಿತ್ತು, ಇನ್ನೊಮ್ಮೆ ನೀಲಿಗಟ್ಟಿ ತಣ್ಣಗಾಗುತ್ತಿತ್ತು, ಆ ಅಂಗೈ ಮಾತ್ರ ಬೆವರುತ್ತಿತ್ತು. ಅಂಗಿಯ ತೋಳು ಸೋಕಿದರೂ ಉರಿ. ಫ್ಯಾನ್ ಗಾಳಿ ಬಿದ್ದರೂ ಉರಿ. ಇದು ಹೊಸ ಕಾಯಿಲೆಯೇನೂ ಅಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಗುಂಡು ತಗುಲಿದ ಸೈನಿಕರ ಕೈಕಾಲಿನಲ್ಲಿ ಇಂಥದೇ ಉರಿ ನೋವನ್ನು ಸೈಲಸ್ ವಿಯರ್ ಮಿಚೆಲ್ ಎಂಬ ವೈದ್ಯರು 1864ರಲ್ಲೇ ಬರೆದಿಟ್ಟಿದ್ದಾರೆ. ಅದನ್ನು ಓದಿದ ದಿನ ನನಗೆ ಒಂಥರಾ ಸಮಾಧಾನ ಆಯಿತು. ಅಷ್ಟರೊಳಗೆ "ಎಲ್ಲಾ ಮನಸ್ಸಿನದು" ಎಂದು ಮೂರು ಜನ ಹೇಳಿಯಾಗಿತ್ತು.

ಕೆಟಮೈನ್‌ಗೆ ಬರುವ ಮುಂಚೆ ಎಲ್ಲರ ಹಾಗೆ ನಾನೂ ನರದ ನೋವಿಗೆ ಕೊಡುವ ಬೇರೆ ಔಷಧಿಗಳನ್ನೆಲ್ಲ ಸಾಲಾಗಿ ನೋಡಿದೆ. ಗ್ಯಾಬಪೆಂಟಿನ್‌ನಿಂದ ತಲೆ ಸುತ್ತು. ಪ್ರಿಗ್ಯಾಬಲಿನ್‌ನಿಂದ ತೂಕ ಜಾಸ್ತಿಯಾಯಿತು, ಮಾತಾಡುವಾಗ ಪದಗಳು ಸಿಗುತ್ತಿರಲಿಲ್ಲ. ಡ್ಯುಲಾಕ್ಸೆಟಿನ್ ಸ್ವಲ್ಪ ನಿದ್ದೆ ಕೊಟ್ಟಿತು, ಅಷ್ಟೇ. ಮರಗಟ್ಟಿಸುವ ಔಷಧಿಯಾದ ಲಿಡೊಕೇನ್ ಪಟ್ಟಿಯನ್ನು ಅಂಟಿಸಿಕೊಳ್ಳುವುದೇ ಒಂದು ಹಿಂಸೆ, ಮುಟ್ಟಿದರೆ ಉರಿಯುವ ಚರ್ಮದ ಮೇಲೆ ಪಟ್ಟಿ ಅಂಟಿಸಿ ಹನ್ನೆರಡು ಗಂಟೆ ಆದ ಮೇಲೆ ಕೀಳಬೇಕು ಅಲ್ವಾ. ಕುತ್ತಿಗೆಯ ಹತ್ತಿರದ ನರಗಂಟಿಗೆ ಇಂಜೆಕ್ಷನ್ ಎರಡು ಸಲ ಆಯಿತು. ಪ್ರತಿ ಸಲವೂ ನಾಲ್ಕು ದಿನ ಹಾಯಾಗಿದ್ದೆ, ಐದನೇ ದಿನ ಮತ್ತೆ ಅದೇ.

ಕೆಟಮೈನ್ ಮೂಲದಲ್ಲಿ ಅರಿವಳಿಕೆ ಔಷಧಿ. 1962ರಲ್ಲಿ ತಯಾರಾಯಿತು, 1970ರಲ್ಲಿ ಅಮೆರಿಕದಲ್ಲಿ ಬಳಕೆಗೆ ಒಪ್ಪಿಗೆ ಸಿಕ್ಕಿತು, ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ದೀರ್ಘಕಾಲದ ನೋವಿಗೆ ಇದನ್ನು ಕೊಡುವುದು ಲೇಬಲ್‌ನಲ್ಲಿ ಬರೆದ ಬಳಕೆ ಅಲ್ಲ, ವೈದ್ಯರು ತಮ್ಮ ತೀರ್ಮಾನದ ಮೇಲೆ ಕೊಡುವುದು. ಇದನ್ನು ನನ್ನ ಡಾಕ್ಟರ್ ಮೊದಲ ಭೇಟಿಯಲ್ಲೇ ಬಿಡಿಸಿ ಹೇಳಿದರು. ಕೆಲಸ ಮಾಡುವ ಬಗೆಯನ್ನೂ ಅವರೇ ಹೇಳಿದ್ದು. ತುಂಬಾ ದಿನ ನೋವಿನ ಸುದ್ದಿ ಬರುತ್ತಲೇ ಇದ್ದರೆ ಬೆನ್ನುಹುರಿಯ ನರಕೋಶಗಳು ಸಣ್ಣ ಸುದ್ದಿಯನ್ನೂ ದೊಡ್ಡದು ಮಾಡಿ ಮೇಲಕ್ಕೆ ಕಳಿಸುವುದನ್ನು ಕಲಿತುಬಿಡುತ್ತವೆ. ಆ ಹಿಗ್ಗಿಸುವ ಕೆಲಸದಲ್ಲಿ ನರಕೋಶದ ಮೇಲೆ ಸುದ್ದಿಯನ್ನು ಹಿಡಿದುಕೊಳ್ಳುವ, ಎನ್‌ಎಂಡಿಎ ಎನ್ನುವ ಗ್ರಾಹಕಗಳ (ರಿಸೆಪ್ಟರ್) ಪಾತ್ರ ದೊಡ್ಡದು. ಕೆಟಮೈನ್ ಅವುಗಳ ಬಾಯಿ ಮುಚ್ಚುತ್ತದೆ. "ಗಾಯ ವಾಸಿ ಮಾಡಲ್ಲ, ವಾಲ್ಯೂಮ್ ಇಳಿಸುತ್ತೆ. ಇಳಿದಾಗ ನೀವು ಕೈ ಆಡಿಸಬೇಕು" ಎಂದರು. ಈ ಕೊನೆಯ ಮಾತನ್ನು ನಾನು ಆಗ ಕಿವಿಗೇ ಹಾಕಿಕೊಂಡಿರಲಿಲ್ಲ.

ಈಗ ಡ್ರಿಪ್ ವಿಷಯ. ದಿನಕ್ಕೆ ನಾಲ್ಕು ಗಂಟೆ, ಒಟ್ಟು ಹತ್ತು ದಿನ, ನಡುವೆ ವಾರದ ಕೊನೆಯ ಎರಡು ದಿನ ರಜೆ. ಶಸ್ತ್ರಚಿಕಿತ್ಸೆಗೆ ಪ್ರಜ್ಞೆ ತಪ್ಪಿಸುವಾಗ ಕೆಟಮೈನನ್ನು ಒಂದೇ ಸಲಕ್ಕೆ ರಕ್ತನಾಳಕ್ಕೆ ಕೊಡುತ್ತಾರೆ. ಇಲ್ಲಿ ಹಾಗಲ್ಲ, ಪಂಪ್ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ನನಗೆ ಗಂಟೆಗೆ ಪ್ರತಿ ಕಿಲೋ ತೂಕಕ್ಕೆ 0.35 ಮಿಲಿಗ್ರಾಂ ಲೆಕ್ಕದವರೆಗೆ ಮೆಲ್ಲಗೆ ಏರಿಸಿದರು. ಪ್ರಜ್ಞೆ ತಪ್ಪುವುದಿಲ್ಲ. ಕರೆದರೆ ಓಗೊಡಬಹುದು. ಆದರೆ ಲೋಕ ಒಂದು ಮಾರು ಹಿಂದೆ ಸರಿದ ಹಾಗೆ ಇರುತ್ತದೆ.

ಮೊದಲ ದಿನ ಹೆದರಿದ್ದೆ. ಇಪ್ಪತ್ತು ನಿಮಿಷಕ್ಕೆ ತುಟಿ ಮರಗಟ್ಟಿದ ಹಾಗಾಯಿತು, ಚಾವಣಿಯ ಚೌಕಗಳು ಉಸಿರಾಡಿದ ಹಾಗೆ ಕಂಡವು, ನನ್ನ ಬಲಗೈ ನನ್ನದೇ ಆದರೂ ಬಲು ದೂರದಲ್ಲಿ ಯಾರೋ ಇಟ್ಟು ಹೋದ ಹಾಗೆ ಅನ್ನಿಸಿತು. ನೋವು ಇತ್ತು. ಆದರೆ ಅದು ನನ್ನನ್ನು ಕೂಗುತ್ತಿರಲಿಲ್ಲ. ಎರಡು ವರ್ಷದಲ್ಲಿ ಅದೇ ಮೊದಲ ಸಲ ನನಗೆ ಕೈಯ ಬಗ್ಗೆ ಯೋಚಿಸದೆ ಸುಮ್ನೆ ಮಲಗಲು ಆಗಿದ್ದು. ಕಣ್ಣೀರು ತಾನಾಗಿ ಬಂತು. ಪಕ್ಕದಲ್ಲಿದ್ದ ನರ್ಸ್ ಗಾಬರಿಯಾಗಲಿಲ್ಲ, "ಅಳಿ, ಪರವಾಗಿಲ್ಲ, ತುಂಬಾ ಜನ ಅಳ್ತಾರೆ" ಎಂದರು. ವಾಂತಿ ಬರುವ ಹಾಗೆ ಆಗಿದ್ದಕ್ಕೆ ಒಂದು ಇಂಜೆಕ್ಷನ್ ಕೊಟ್ಟರು. ಎರಡನೇ ದಿನ ಭ್ರಮೆ ಸ್ವಲ್ಪ ಜಾಸ್ತಿಯಾಗಿ ಎದೆ ಹೊಡೆದುಕೊಂಡಾಗ ಪಂಪ್‌ನ ವೇಗ ಇಳಿಸಿ ಗಾಬರಿ ಇಳಿಸುವ ಮಿಡಜೋಲಮ್ ಸ್ವಲ್ಪವೇ ಕೊಟ್ಟರು, ಐದೇ ನಿಮಿಷದಲ್ಲಿ ಸರಿಹೋಯಿತು. ಡ್ರಿಪ್ ಅನ್ನು ನಾನು ಮೆಚ್ಚುವುದು ಇದೇ ಕಾರಣಕ್ಕೆ. ಏನಾದರೂ ಹೆಚ್ಚಾದರೆ ಪಕ್ಕದಲ್ಲಿ ಒಬ್ಬರು ಇರುತ್ತಾರೆ, ಗುಂಡಿ ಒತ್ತಿದರೆ ಔಷಧಿ ಹೋಗುವುದು ನಿಲ್ಲುತ್ತದೆ.

ಆದರೆ ಒಂದು ಕಿರಿಕಿರಿ ಇತ್ತು, ಅದನ್ನು ಪೂರ್ತಿ ಹೇಳಲೇಬೇಕು, ಯಾಕೆಂದರೆ ಅದರಿಂದ ನನ್ನ ಮೊದಲ ನಾಲ್ಕು ದಿನ ಹಾಳಾದವು, ಮತ್ತು ಅದನ್ನು ಸರಿ ಮಾಡಲು ಬೇಕಾಗಿದ್ದು ಎರಡು ನಿಮಿಷ.

ಕೆಟಮೈನ್ ಬಿಪಿ ಏರಿಸುತ್ತದೆ. ಹಾಗಾಗಿ ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ಯಂತ್ರ ತಾನಾಗಿ ಬಿಪಿ ನೋಡುತ್ತದೆ. ಒಳ್ಳೆಯದೇ. ಈಗ ನನ್ನ ಪರಿಸ್ಥಿತಿ ನೋಡಿ. ಬಲಗೈ ಮುಟ್ಟುವ ಹಾಗಿಲ್ಲ, ಅಲ್ಲಿ ಸೂಜಿಯೂ ಹಾಕುವಂತಿಲ್ಲ, ಬಿಪಿ ಪಟ್ಟಿಯನ್ನು ಕಟ್ಟುವ ಮಾತಂತೂ ದೂರ. ಉಳಿದದ್ದು ಎಡಗೈ ಒಂದೇ. ಸೂಜಿಯೂ ಅದಕ್ಕೇ, ಬಿಪಿ ಪಟ್ಟಿಯೂ ಅದಕ್ಕೇ. ಪಟ್ಟಿ ಉಬ್ಬಿ ತೋಳನ್ನು ಹಿಂಡಿದ ತಕ್ಷಣ ಕೆಳಗಿನ ರಕ್ತನಾಳ ಮುಚ್ಚಿಕೊಳ್ಳುತ್ತದೆ, ಔಷಧಿ ಮುಂದೆ ಹೋಗಲು ದಾರಿ ಇರುವುದಿಲ್ಲ, ಪಂಪ್‌ಗೆ ಕೊಳವೆ ಕಟ್ಟಿಕೊಂಡಿದೆ ಎಂದು ಅನ್ನಿಸುತ್ತದೆ, ಕೂಗಲು ಶುರು ಮಾಡುತ್ತದೆ. ಗಂಟೆಗೆ ನಾಲ್ಕು ಸಲ. ನಾಲ್ಕು ಗಂಟೆಗೆ ಹದಿನಾರು ಸಲ.

ಎಚ್ಚರ ಇರುವಾಗ ಆ ಬೀಪ್ ಸದ್ದು ಏನೂ ಅಲ್ಲ. ಕೆಟಮೈನ್‌ನಲ್ಲಿ ಇರುವಾಗ ಅದು ಬೇರೆಯೇ. ಶಬ್ದ ಕಿವಿಯಿಂದ ಬರುವುದಿಲ್ಲ, ತಲೆಯ ಒಳಗೇ ಹುಟ್ಟಿದ ಹಾಗೆ, ಅದಕ್ಕೆ ಬಣ್ಣ ಇದ್ದ ಹಾಗೆ, ಅದು ಯಾವತ್ತೂ ನಿಲ್ಲುವುದೇ ಇಲ್ಲವೇನೋ ಅನ್ನುವ ಹಾಗೆ ಇರುತ್ತದೆ. ಆಗಷ್ಟೇ ದೇಹ ಸಡಿಲ ಬಿಟ್ಟಿರುತ್ತದೆ, ಬೀಪ್ ಎನ್ನುತ್ತದೆ, ಹಲ್ಲು ಕಚ್ಚುತ್ತೇನೆ, ಬಲಗೈ ಮುಷ್ಟಿ ಕಟ್ಟಲು ಹೋಗುತ್ತದೆ, ಉರಿ ವಾಪಸ್ ಬರುತ್ತದೆ. ಯಾರೋ ಬಂದು ಗುಂಡಿ ಒತ್ತಿ ಹೋಗುತ್ತಾರೆ. ಹದಿನೈದು ನಿಮಿಷ. ಮತ್ತೆ. ಅದಕ್ಕಿಂತ ಹೆದರಿಸಿದ್ದು ಇನ್ನೊಂದು: ಪಟ್ಟಿ ಸಡಿಲವಾದ ಮೇಲೆ ಪ್ರತಿ ಸಲ ಒಂದು ಅಲೆ ಬಡಿದ ಹಾಗೆ ಮಂಪರು ಏರುತ್ತಿತ್ತು. ನಾನು ಭ್ರಮೆ ಎಂದುಕೊಂಡಿದ್ದೆ. ಅದು ನಿಜವಾದದ್ದೇ ಇರಬಹುದಂತೆ. ಕೊಳವೆ ಕಟ್ಟಿಕೊಂಡಾಗಲೂ ಪಂಪ್ ಕೊಂಚ ಹೊತ್ತು ತಳ್ಳುತ್ತಲೇ ಇರುತ್ತದೆ, ಕಟ್ಟು ಬಿಟ್ಟಾಗ ಅಷ್ಟು ಹೊತ್ತು ಒತ್ತಡದಲ್ಲಿ ನಿಂತದ್ದು ಒಟ್ಟಿಗೆ ಒಳಗೆ ಹೋಗುತ್ತದೆ. ಪ್ರಮಾಣ ಸಣ್ಣದೇ, ಆದರೆ ಅಂಚಿನಲ್ಲಿ ತೇಲುತ್ತಿರುವವರಿಗೆ ಅಷ್ಟು ಸಾಕು.

ನಾನು ಮೂರು ದಿನ ಬಾಯಿ ಬಿಡಲಿಲ್ಲ. ಇಂಥದ್ದಕ್ಕೆಲ್ಲ ದೂರು ಹೇಳಿದರೆ ಎಲ್ಲಿ ಚಿಕಿತ್ಸೆ ನಿಲ್ಲಿಸಿಬಿಡುತ್ತಾರೋ ಎಂಬ ಭಯ. ಬಹಳ ದಿನ ನೋವು ತಿಂದವರಿಗೆ ಈ ಭಯ ಗೊತ್ತಿರುತ್ತದೆ. ನಾಲ್ಕನೇ ದಿನ ಸೂಜಿಯೂ ಕೆಟ್ಟಿತು, ಸುತ್ತ ಊದಿಕೊಂಡಿತು, "ನರ ಸಿಕ್ತಿಲ್ಲ" ಎನ್ನುತ್ತಾ ಮೂರು ಕಡೆ ಚುಚ್ಚಿದರು. ಆಗ ಜೊತೆಗೆ ಬಂದಿದ್ದ ನನ್ನ ಅಕ್ಕನೇ ಎದ್ದು ನಿಂತು ಕೇಳಿದಳು. "ಬಿಪಿ ಪಟ್ಟಿ ಕಾಲಿಗೆ ಕಟ್ಟೋಕೆ ಆಗಲ್ವಾ?" ನರ್ಸ್ ಒಂದು ಕ್ಷಣ ಅವಳನ್ನು ನೋಡಿದರು. "ಆಗುತ್ತೆ. ಮೀನಖಂಡಕ್ಕೆ ಕಟ್ಟಬಹುದು, ರೀಡಿಂಗ್ ಸ್ವಲ್ಪ ಬೇರೆ ಬರುತ್ತೆ, ಡಾಕ್ಟರ್‌ಗೆ ಹೇಳ್ತೀನಿ" ಎಂದರು. ಅಷ್ಟೇ. ಸೂಜಿಯನ್ನು ಮೊಣಕೈ ಮಡಿಕೆಯಲ್ಲಿ ಹಾಕದೆ ಮುಂಗೈಯ ನೇರ ಭಾಗಕ್ಕೆ ಹಾಕಿದರು, ಹಾಗಾಗಿ ನಾನು ಕೈ ಮಡಚಿದರೂ ಪಂಪ್ ಕೂಗುವುದು ನಿಂತಿತು. ಐದನೇ ದಿನ ಡ್ರಿಪ್‌ನ ನಾಲ್ಕೂ ಗಂಟೆ ಒಂದೇ ಒಂದು ಬೀಪ್ ಇಲ್ಲ. ಆ ದಿನ ಸಂಜೆ ಮನೆಗೆ ಹೋಗಿ ನೋವಿನ ಡೈರಿಯಲ್ಲಿ ಹತ್ತಕ್ಕೆ 5 ಎಂದು ಬರೆದೆ. ಅದಕ್ಕೂ ಮುಂಚೆ ತಿಂಗಳುಗಟ್ಟಲೆ 8ಕ್ಕಿಂತ ಕೆಳಗೆ ಬರೆದಿರಲಿಲ್ಲ.

ಒಂದು ಕೈಗೆ ಈ ಕಾಯಿಲೆ ಇರುವವರಿಗೆ ಇದು ಬರದೇ ಇರುವ ಸಮಸ್ಯೆ ಅಲ್ಲ, ಬಂದೇ ಬರುವ ಸಮಸ್ಯೆ. ಹಾಗಿದ್ದೂ ಯಾವ ಕಾಗದದಲ್ಲೂ ಬರೆದಿರುವುದಿಲ್ಲ. ಮೊದಲ ದಿನವೇ ಕೇಳಿ. ಕೋಣೆಯ ಬೆಳಕು ಇಳಿಸಲು, ಕಣ್ಣಿಗೆ ಪಟ್ಟಿ ಹಾಕಿಕೊಳ್ಳಲು, ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳಲು ಕೂಡ ಕೇಳಿ. ಮಾತಿಲ್ಲದ ಸಂಗೀತ ಒಳ್ಳೆಯದು. ಮಾತು ಇದ್ದರೆ ಅದನ್ನು ಹಿಡಿದುಕೊಂಡು ಮನಸ್ಸು ಎಲ್ಲೆಲ್ಲೋ ಹೋಗುತ್ತದೆ.

ಹತ್ತನೇ ದಿನ 3. ಆಮೇಲೆ ಒಂಬತ್ತು ವಾರ 3ರಿಂದ 5ರ ನಡುವೆ. ಹತ್ತನೇ ವಾರ ಮೆಲ್ಲಗೆ ಏರತೊಡಗಿತು, ಹದಿಮೂರನೇ ವಾರಕ್ಕೆ ಮತ್ತೆ 7. ಔಷಧಿ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಎರಡೂವರೆ ಮೂರು ಗಂಟೆ ಸಾಕು, ಆದರೂ ಫಲ ವಾರಗಟ್ಟಲೆ ನಿಂತಿತು. ನನಗೆ ಇದರಲ್ಲಿ ದೊಡ್ಡ ಅಚ್ಚರಿ ಅದೇ. ಸಾಮಾನ್ಯ ನೋವಿನ ಮಾತ್ರೆ ಹಾಗಲ್ಲ, ಇಳಿದರೆ ಇಳಿಯಿತು.

ಅಂಕಿಅಂಶವನ್ನು ಮುಚ್ಚಿಡುವುದಿಲ್ಲ. 2009ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ 60 ಜನ ಸಿಆರ್‌ಪಿಎಸ್ ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ನಾಲ್ಕು ದಿನಕ್ಕಿಂತ ಸ್ವಲ್ಪ ಜಾಸ್ತಿ ಬಿಡದೆ ಡ್ರಿಪ್ ಕೊಟ್ಟರು, ಒಂದು ಗುಂಪಿಗೆ ಕೆಟಮೈನ್, ಇನ್ನೊಂದು ಗುಂಪಿಗೆ ಔಷಧಿ ಇಲ್ಲದ ಡ್ರಿಪ್. ಕೆಟಮೈನ್ ಸಿಕ್ಕವರಿಗೆ ನೋವು ಚೆನ್ನಾಗಿಯೇ ಇಳಿಯಿತು. ಆದರೆ 12ನೇ ವಾರಕ್ಕೆ ಎರಡು ಗುಂಪಿನ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಉಳಿಯಲಿಲ್ಲ, ಕೈಕಾಲಿನ ಬಳಕೆಯೂ ಸುಧಾರಿಸಲಿಲ್ಲ. 2018ರಲ್ಲಿ ಅಮೆರಿಕದ ಅರಿವಳಿಕೆ ಮತ್ತು ನೋವು ತಜ್ಞರ ಮೂರು ಸಂಘಗಳು ಸೇರಿ ಮಾಡಿದ ಮಾರ್ಗಸೂಚಿಯಲ್ಲೂ ಇದೇ ಧಾಟಿ. ಸಿಆರ್‌ಪಿಎಸ್‌ಗೆ 12 ವಾರದವರೆಗೆ ನೋವು ಇಳಿಯಬಹುದು ಎನ್ನಲು ಮಧ್ಯಮ ಮಟ್ಟದ ಆಧಾರ ಇದೆ, ಬೇರೆ ಬಹಳಷ್ಟು ನೋವುಗಳಿಗೆ ಆಧಾರ ದುರ್ಬಲ ಎಂದು ಅದು ಹೇಳುತ್ತದೆ. ನನ್ನ ಡೈರಿಯ ಒಂಬತ್ತು ವಾರವೂ ಆ ಚೌಕಟ್ಟಿನ ಒಳಗೇ ಕೂರುತ್ತದೆ.

ಡ್ರಿಪ್ ಕೋಣೆಯಲ್ಲಿ ಕಂಡದ್ದೂ ಹಾಗೇ ಇತ್ತು. ಎದುರಿನ ಕುರ್ಚಿಯಲ್ಲಿ ಬೆನ್ನುಹುರಿಗೆ ಪೆಟ್ಟಾದ ಒಬ್ಬರು ಇದ್ದರು, ಅವರಿಗೆ ಡ್ರಿಪ್ ಹೋಗುವಾಗ ಮತ್ತು ಅದರ ನಂತರ ಕೆಲವು ದಿನ ಮಾತ್ರ ಆರಾಮ. ಮೈತುಂಬಾ ನೋವಿನ ಫೈಬ್ರೋಮಯಾಲ್ಜಿಯ ಇದ್ದ ಒಬ್ಬ ಹೆಂಗಸಿಗೆ ಏನೂ ಆಗಲಿಲ್ಲ, ಬರೀ ತಲೆಸುತ್ತು. ಅವರು ಐದನೇ ದಿನ ನಿಲ್ಲಿಸಿ ಹೋದರು. ಹೋಗುವಾಗ ನನ್ನ ಭುಜ ಮುಟ್ಟಿ, "ನಿಮಗಾದರೂ ಹಿಡೀಲಿ" ಎಂದರು. ನನಗೆ ಹಿಡಿಯಿತು, ಅವರಿಗೆ ಹಿಡಿಯಲಿಲ್ಲ. ಅವರ ಮುಖ ಇನ್ನೂ ಕಣ್ಣ ಮುಂದೆ ಇದೆ.

ಮೂಗಿನ ಸ್ಪ್ರೇ ಬಗ್ಗೆ ಹೆಚ್ಚು ಹೇಳಲು ಇಲ್ಲ. ಡ್ರಿಪ್ ಸರಣಿ ಮುಗಿದ ಮೇಲೆ, ನೋವು ಒಮ್ಮೆಲೇ ಕೆರಳಿದಾಗ ಬಳಸಲು ಎಂದು ಕೊಟ್ಟರು. ಫಾರ್ಮಸಿಯಲ್ಲಿ ವೈದ್ಯರ ಚೀಟಿಯ ಪ್ರಕಾರ ಕಲಸಿ ತುಂಬಿ ಕೊಡುವ ಸ್ಪ್ರೇ ಅದು. ಖಿನ್ನತೆಗೆ ಎಂದು 2019ರಲ್ಲಿ ಒಪ್ಪಿಗೆ ಸಿಕ್ಕ ಎಸ್‌ಕೆಟಮೈನ್ ಸ್ಪ್ರೇ ಬೇರೆ, ಅದು ನೋವಿನ ಔಷಧಿ ಅಲ್ಲ, ಅದನ್ನು ಆಸ್ಪತ್ರೆಯಲ್ಲೇ ತೆಗೆದುಕೊಂಡು ಕನಿಷ್ಠ ಎರಡು ಗಂಟೆ ಅಲ್ಲೇ ಇರಬೇಕು. ಎರಡನ್ನೂ ಒಂದೇ ಎಂದುಕೊಳ್ಳುವವರು ಬಹಳ ಜನ. ನನ್ನ ಸ್ಪ್ರೇ ಹತ್ತು ನಿಮಿಷದೊಳಗೆ ಉರಿಯ ಮೊನೆ ಮುರಿಯುತ್ತಿತ್ತು, ಒಂದು ಗಂಟೆಯ ನಂತರ ಮುಗಿಯಿತು. ಅರ್ಧದಷ್ಟು ಗಂಟಲಿಗೆ ಇಳಿಯುತ್ತದೆ, ಕಹಿ. ನೆಗಡಿ ಬಂದ ವಾರ ಅದು ಇದ್ದೂ ಇಲ್ಲದ ಹಾಗೆ. ನಡುರಾತ್ರಿ ಕೈ ಹೊತ್ತಿಕೊಂಡಾಗ ಬೆಳಗಾಗುವವರೆಗೆ ಕಾಯಬೇಕಿಲ್ಲ ಅನ್ನುವುದೊಂದೇ ಅದರ ಲಾಭ, ಆ ಲಾಭ ಸಣ್ಣದಲ್ಲ.

ಮಾತ್ರೆಯ ಕತೆ ಬೇರೆ.

ಮೊದಲ ಸರಣಿಯ ಫಲ ಇಳಿದಾಗ ಎರಡನೇ ಸರಣಿಗೆ ದುಡ್ಡು ಕೂಡಿಸಿರಲಿಲ್ಲ. ವಿಮೆಯವರು ಲೇಬಲ್‌ನಲ್ಲಿ ಇಲ್ಲದ ಬಳಕೆ ಎಂದು ಕೈ ಚೆಲ್ಲಿದ್ದರು. ಹತ್ತು ದಿನ ಕೆಲಸಕ್ಕೆ ರಜೆ, ಪ್ರತಿ ದಿನ ಕರೆದುಕೊಂಡು ಹೋಗಿ ಬರಲು ಅಕ್ಕ, ಯಾಕೆಂದರೆ ಡ್ರಿಪ್ ಆದ ದಿನ ಗಾಡಿ ಓಡಿಸುವಂತಿಲ್ಲ. ಇನ್ನೊಬ್ಬ ವೈದ್ಯರು, ಫೋನಿನಲ್ಲೇ ಮಾತಾಡಿ ಚೀಟಿ ಕೊಡುವವರು, ನಾಲಿಗೆಯಡಿ ಇಡುವ ಕೆಟಮೈನ್ ಬಿಲ್ಲೆ ಬರೆದುಕೊಟ್ಟರು. ಔಷಧಿ ಅದೇ, ಮನೆಯಲ್ಲೇ, ಖರ್ಚು ಡ್ರಿಪ್‌ನ ಒಂದು ಚೂರು. ಯಾರಿಗೆ ಆಸೆಯಾಗುವುದಿಲ್ಲ ಹೇಳಿ.

ಔಷಧಿ ಅದೇ ಎಂಬುದು ನಿಜ, ಆದರೆ ಅದು ರಕ್ತಕ್ಕೆ ಸೇರುವ ದಾರಿ ಅದಲ್ಲ. ರಕ್ತನಾಳಕ್ಕೆ ಕೊಟ್ಟದ್ದು ಪೂರ್ತಿ ಸಿಗುತ್ತದೆ. ನುಂಗಿದರೆ ಹೆಚ್ಚುಕಡಿಮೆ ಐದನೇ ಒಂದು ಭಾಗ ಮಾತ್ರ, ಉಳಿದದ್ದನ್ನು ಯಕೃತ್ತು ದಾರಿಯಲ್ಲೇ ಬದಲಾಯಿಸಿಬಿಡುತ್ತದೆ. ನಾಲಿಗೆಯಡಿ ಇಟ್ಟರೆ ಅದಕ್ಕಿಂತ ಸ್ವಲ್ಪ ಮೇಲು, ಆದರೆ ಷರತ್ತು ಇದೆ: ಹದಿನೈದು ನಿಮಿಷ ಎಂಜಲು ನುಂಗಬಾರದು. ಮಾಡಿ ನೋಡಿ, ಎಷ್ಟು ಕಷ್ಟ ಎಂದು ಗೊತ್ತಾಗುತ್ತದೆ. ಬಿಲ್ಲೆ ಕಹಿ, ಕಹಿಗೆ ಬಾಯಲ್ಲಿ ನೀರು ಜಾಸ್ತಿ, ಮಾತಾಡುವಂತಿಲ್ಲ, ಮಲಗಿದರೆ ಗಂಟಲಿಗೆ ಇಳಿಯುತ್ತದೆ. ಒಂದು ದಿನ ಜಾಸ್ತಿ ನುಂಗಿರುತ್ತೇನೆ, ಒಂದು ದಿನ ಕಡಿಮೆ. ಹಾಗಾಗಿ ಒಂದು ದಿನ ಏನೂ ಆಗುವುದಿಲ್ಲ, ಇನ್ನೊಂದು ದಿನ ಅದೇ ಬಿಲ್ಲೆಗೆ ಗೋಡೆ ಹಿಡಿದು ನಡೆಯಬೇಕು. ಡೈರಿಯಲ್ಲಿ ಆ ತಿಂಗಳುಗಳ ಅಂಕಿ 6, 8, 5, 8, 7, 8 ಹೀಗೇ ಇದೆ. ಅದರಲ್ಲಿ ಯಾವ ದಾರಿಯೂ ಕಾಣುವುದಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು, ಅದು ದಿನಾ ಬೇಕಾಯಿತು. ದಿನಕ್ಕೆ ಎರಡು ಇದ್ದದ್ದು ಮೂರಾಯಿತು, ನಾಲ್ಕನೇ ತಿಂಗಳಲ್ಲಿ ನಾಲ್ಕು. ಪ್ರತಿ ಸಲ ಫೋನಿನಲ್ಲಿ ಕೇಳಿದೆ, ಪ್ರತಿ ಸಲ ಸರಿ ಎಂದರು. ಮುಂದಿನ ಬಿಲ್ಲೆಗೆ ಎಷ್ಟು ಗಂಟೆ ಇದೆ ಎಂದು ಗಡಿಯಾರ ನೋಡುವ ಅಭ್ಯಾಸ ಆಯಿತು. ನೋವಿಗೆ ನೋಡುತ್ತಿದ್ದೇನೋ, ಬಿಲ್ಲೆಗೇ ನೋಡುತ್ತಿದ್ದೇನೋ, ಕೊನೆಕೊನೆಗೆ ನನಗೆ ಬೇರೆ ಮಾಡಿ ಹೇಳಲು ಆಗುತ್ತಿರಲಿಲ್ಲ. ಕೆಟಮೈನ್ ಚಟ ಹಿಡಿಸಬಲ್ಲ ಔಷಧಿ. ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆ ಇಲ್ಲ. ಮನೆಯ ಕಪಾಟಿನಲ್ಲಿ ಕೈಗೆ ಸಿಗುವ ಹಾಗೆ ಇದ್ದರೆ, ನೋವಿನಲ್ಲಿ ಇರುವ ಯಾರಿಗಾದರೂ ಇದು ಆಗಬಹುದು.

ಐದನೇ ತಿಂಗಳು ಮೂತ್ರಕ್ಕೆ ಹೋಗುವುದು ಹೆಚ್ಚಾಯಿತು. ಮೊದಲು ನೀರು ಜಾಸ್ತಿ ಕುಡಿದೆ ಎಂದುಕೊಂಡೆ. ಆಮೇಲೆ ಅರ್ಧ ಗಂಟೆಗೊಮ್ಮೆ ಅವಸರ, ಹೋದರೆ ಸ್ವಲ್ಪವೇ, ಕೆಳಹೊಟ್ಟೆಯಲ್ಲಿ ಉರಿ. ರಾತ್ರಿ ನಾಲ್ಕು ಸಲ ಏಳುತ್ತಿದ್ದೆ. ಸೋಂಕು ಇರಬೇಕೆಂದು ಮೂತ್ರ ಪರೀಕ್ಷೆ ಮಾಡಿಸಿದೆ, ಸೋಂಕು ಇರಲಿಲ್ಲ. ಆಗ ನನ್ನ ಹಳೆಯ ನೋವಿನ ಡಾಕ್ಟರ್ ಹತ್ತಿರ ಹೋದೆ. ಎಷ್ಟು ದಿನದಿಂದ ಎಷ್ಟು ಬಿಲ್ಲೆ ಎಂದು ಕೇಳಿದರು, ಹೇಳಿದೆ, ಅವರು ಪೆನ್ ಕೆಳಗಿಟ್ಟರು. "ಇವತ್ತಿಂದಲೇ ಬಿಡಿ" ಎಂದರು.

ಕೆಟಮೈನ್ ಮತ್ತು ಅದು ಒಡೆದು ಆಗುವ ವಸ್ತುಗಳು ಮೂತ್ರದಲ್ಲೇ ಹೊರಗೆ ಹೋಗುತ್ತವೆ, ದಿನಾ ಹೋಗುತ್ತಿದ್ದರೆ ಮೂತ್ರಕೋಶದ ಒಳಪದರ ಕೆಡಬಹುದು. 2007ರಲ್ಲಿ ಟೊರಾಂಟೊದ ವೈದ್ಯರು ಒಂಬತ್ತು ಜನರಲ್ಲಿ ಇದನ್ನು ಮೊದಲು ಗುರುತಿಸಿ ಬರೆದರು. ಅವರೆಲ್ಲ ನಶೆಗೆಂದು ದಿನಾ ತೆಗೆದುಕೊಳ್ಳುತ್ತಿದ್ದವರು. ಅದನ್ನು ಓದಿದ್ದಾಗ ಅದು ನನ್ನಂಥವರ ವಿಷಯ ಅಲ್ಲ ಎಂದುಕೊಂಡಿದ್ದೆ. ಆದರೆ ಔಷಧಿ ಯಾಕೆ ಬಂತು ಎಂದು ಮೂತ್ರಕೋಶ ಕೇಳುವುದಿಲ್ಲ. ಎಷ್ಟು, ಎಷ್ಟು ದಿನ ಎನ್ನುವುದಷ್ಟೇ ಲೆಕ್ಕ. ನನಗೆ ಬೇಗ ನಿಲ್ಲಿಸಿದ್ದರಿಂದ ಆರು ವಾರದಲ್ಲಿ ಸರಿಹೋಯಿತು. ಕೆಲವರಿಗೆ ಮೂತ್ರಕೋಶವೇ ಕುಗ್ಗಿಹೋಗುತ್ತದೆ. ಆ ಐದು ತಿಂಗಳಲ್ಲಿ ನನ್ನನ್ನು ಯಾರೂ ಮೂತ್ರದ ಬಗ್ಗೆ ಒಮ್ಮೆಯೂ ಕೇಳಿರಲಿಲ್ಲ, ಯಕೃತ್ತಿನ ಪರೀಕ್ಷೆಯನ್ನೂ ಬರೆದಿರಲಿಲ್ಲ, ಬಿಪಿಯನ್ನೂ ನೋಡಿರಲಿಲ್ಲ. ಡ್ರಿಪ್‌ಗೆ ಮುಂಚೆ ಇವೆಲ್ಲ ಆಗಿದ್ದವು. 2023ರ ಅಕ್ಟೋಬರಿನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಫಾರ್ಮಸಿಯಲ್ಲಿ ಹೀಗೆ ಕಲಸಿ ಮಾಡಿದ ಕೆಟಮೈನನ್ನು ಮನೆಯಲ್ಲಿ ಯಾರ ನಿಗಾ ಇಲ್ಲದೆ ತೆಗೆದುಕೊಳ್ಳುವುದರ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಅದು ಮಾನಸಿಕ ಕಾಯಿಲೆಗಳಿಗೆ ಬಳಸುವವರನ್ನು ಕುರಿತ ಎಚ್ಚರಿಕೆ, ಆದರೆ ಬಿಲ್ಲೆ ಅದೇ, ಮನೆಯೂ ಅದೇ ಅಲ್ವಾ.

ಎಲ್ಲರಿಗೂ ಮಾತ್ರೆ ಹೀಗೇ ಆಗುತ್ತದೆ ಎಂದು ಹೇಳುತ್ತಿಲ್ಲ. ಡ್ರಿಪ್ ಫಲವನ್ನು ಇನ್ನಷ್ಟು ದಿನ ಉಳಿಸಿಕೊಳ್ಳಲು ಕಡಿಮೆ ಪ್ರಮಾಣದ ಮಾತ್ರೆ ತೆಗೆದುಕೊಂಡು ಚೆನ್ನಾಗಿರುವ ಇಬ್ಬರನ್ನು ನಾನೇ ಬಲ್ಲೆ. ಇಬ್ಬರಿಗೂ ತಿಂಗಳಿಗೊಮ್ಮೆ ವೈದ್ಯರು ಎದುರು ಕೂತು ನೋಡುತ್ತಾರೆ, ಬಿಲ್ಲೆ ಎಣಿಸಿ ಕೊಡುತ್ತಾರೆ. ನನಗೆ ಆ ಬೇಲಿ ಇರಲಿಲ್ಲ.

ಲಿಡೊಕೇನ್ ಡ್ರಿಪ್ ಕೂಡ ಒಂದು ಸಲ ಆಯಿತು. ಬಾಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್, ಭ್ರಮೆ ಏನೂ ಇಲ್ಲ, ಮೂರು ದಿನ ಆರಾಮ. ಕೆಟಮೈನ್‌ನ ಭ್ರಮೆಗೆ ಹೆದರುವವರು, ಹಿಂದೆ ಸೈಕೋಸಿಸ್ (ನಿಜ ಯಾವುದು, ಭ್ರಮೆ ಯಾವುದು ಎಂದು ತಿಳಿಯದ ಮನಸ್ಸಿನ ಕಾಯಿಲೆ) ಆಗಿದ್ದವರು, ಬಿಪಿ ಹತೋಟಿಯಲ್ಲಿ ಇಲ್ಲದವರು ವೈದ್ಯರ ಹತ್ತಿರ ಇದರ ಬಗ್ಗೆ ಕೇಳಬಹುದು. ನನಗೆ ಮೂರು ದಿನ ಸಾಲದು.

ಎರಡನೇ ಡ್ರಿಪ್ ಸರಣಿ ಮಾತ್ರೆ ಬಿಟ್ಟ ನಾಲ್ಕು ತಿಂಗಳ ನಂತರ ಆಯಿತು. ಈ ಸಲ ಡಾಕ್ಟರ್ ಹೇಳಿದ ಆ ಕೊನೆಯ ಮಾತನ್ನು ಹಿಡಿದುಕೊಂಡೆ. ಮೊದಲ ಸಲ ನೋವು ಇಳಿದ ಒಂಬತ್ತು ವಾರವನ್ನು ನಾನು ವಿಶ್ರಾಂತಿ ಎಂದುಕೊಂಡು ಕಳೆದಿದ್ದೆ, ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಜೋಪಾನ ಮಾಡಿದ್ದೆ. ಎರಡನೇ ಸಲ ಡ್ರಿಪ್ ಮುಗಿದ ಮಾರನೇ ಬೆಳಗ್ಗೆಯೇ ಫಿಸಿಯೋಥೆರಪಿ ಶುರು. ಎಡಗೈಯನ್ನು ಕನ್ನಡಿಯಲ್ಲಿ ನೋಡುತ್ತಾ ಬಲಗೈ ಆಡಿಸುವುದು, ಹತ್ತಿ, ಆಮೇಲೆ ಟವೆಲ್, ಆಮೇಲೆ ಒರಟು ಬಟ್ಟೆ ಸೋಕಿಸುವುದು, ಬಕೆಟ್‌ನಲ್ಲಿ ಅಕ್ಕಿ ಹಾಕಿ ಅದರೊಳಗೆ ಬೆರಳು ಆಡಿಸುವುದು. ದಿನಕ್ಕೆ ಮೂರು ಸಲ, ಹತ್ತು ಹತ್ತು ನಿಮಿಷ. ನೋವು 8 ಇದ್ದಾಗ ಇದರಲ್ಲಿ ಒಂದನ್ನೂ ಮಾಡಲು ಆಗುತ್ತಿರಲಿಲ್ಲ. 4 ಇದ್ದಾಗ ಆಗುತ್ತದೆ. ಆ ಸರಣಿ ಹದಿನೈದು ವಾರ ನಿಂತಿತು. ಔಷಧಿಯಿಂದ ಎಷ್ಟು, ವ್ಯಾಯಾಮದಿಂದ ಎಷ್ಟು ಎಂದು ನನಗೆ ಗೊತ್ತಿಲ್ಲ. ಅಂಗಿಯ ಗುಂಡಿಯನ್ನು ಬಲಗೈಯಲ್ಲೇ ಹಾಕಿಕೊಳ್ಳುತ್ತಿದ್ದೇನೆ, ಅದು ಗೊತ್ತು.

ಖರ್ಚಿನ ಲೆಕ್ಕ ನನ್ನದು ಹೀಗಿದೆ. ವರ್ಷಕ್ಕೆ ಎರಡು ಸರಣಿ, ಅದಕ್ಕೆ ತಿಂಗಳು ತಿಂಗಳು ತೆಗೆದಿಡುತ್ತೇನೆ, ಬೇರೆ ಹಲವನ್ನು ಬಿಟ್ಟಿದ್ದೇನೆ. ರಜೆಯನ್ನೂ ಅದಕ್ಕೇ ಉಳಿಸುತ್ತೇನೆ. ಮಾತ್ರೆ ತಿಂಗಳಿಗೆ ಅಗ್ಗ, ಆದರೆ ಐದು ತಿಂಗಳ ಮಾತ್ರೆ, ಮೂತ್ರದ ಪರೀಕ್ಷೆಗಳು, ಸ್ಕ್ಯಾನ್, ಕೆಲಸ ತಪ್ಪಿದ ದಿನಗಳು ಎಲ್ಲ ಕೂಡಿಸಿದಾಗ ಒಂದು ಡ್ರಿಪ್ ಸರಣಿಯ ಹತ್ತಿರ ಬಂದಿತ್ತು. ಜೊತೆಗೆ ಬರಲು ಯಾರೂ ಇಲ್ಲದವರಿಗೆ, ಹತ್ತು ದಿನ ರಜೆ ಸಿಗದವರಿಗೆ ನನ್ನ ಆಯ್ಕೆ ಹೊಂದುವುದಿಲ್ಲ, ಅದು ನನಗೆ ಅರ್ಥವಾಗುತ್ತದೆ. ಅಂಥವರು ಮಾತ್ರೆಗೇ ಹೋಗುವುದಾದರೆ ಎದುರು ಕೂತು ನೋಡುವ ವೈದ್ಯರ ಹತ್ತಿರವೇ ಹೋಗಿ, ಮೂತ್ರದಲ್ಲಿ ಸ್ವಲ್ಪ ವ್ಯತ್ಯಾಸ ಕಂಡರೂ ಆ ದಿನವೇ ಹೇಳಿ.

ಸ್ಪ್ರೇ ಈಗಲೂ ಮನೆಯಲ್ಲಿದೆ. ಅಕ್ಕನ ಬೀರುವಿನಲ್ಲಿ, ಬೀಗ ಹಾಕಿ. ಕಳೆದ ತಿಂಗಳು ಎರಡು ಸಲ ಕೇಳಿ ತೆಗೆದುಕೊಂಡೆ.

ಮೂರನೇ ಸರಣಿಗೆ ಹೆಸರು ಬರೆಸಿದ್ದೇನೆ. ಫೈಲಿನ ಮೊದಲ ಹಾಳೆಯ ಮೇಲೆ ಅಕ್ಕ ದಪ್ಪ ಅಕ್ಷರದಲ್ಲಿ ಬರೆದಿದ್ದಾಳೆ: ಬಲಗೈ ಮುಟ್ಟಬೇಡಿ, ಸೂಜಿ ಎಡ ಮುಂಗೈಗೆ, ಬಿಪಿ ಪಟ್ಟಿ ಕಾಲಿಗೆ.